ಪಾನಗೃಹಗಳ ಜೀರ್ಣೋದ್ಧಾರದಲ್ಲಿ ಒಳಾಂಗಣದ ವಿಚಾರ

‘ಜೀರ್ಣೋದ್ಧಾರ’ವೆಂಬ ಮಾತು ಕನ್ನಡಿಗರಿಗೆ ದೇವಾಲಯ ಮತ್ತು ಕೆರೆಗಳ ಸಂಬಂಧದಿಂದ ಪರಿಚಿತವಾದುದು. ಶಿಥಿಲವಾದ ಗುಡಿಯನ್ನು ಕಟ್ಟಿಸಿದವನ ಹೆಸರೂ ಒಡೆದ ಏರಿಯನ್ನು ಬಲಪಡಿಸಿದವನ ಹೆಸರೂ ಶಾಸನಗಳಲ್ಲಿ ನಿಂತಿರುವುವು. ಕುಡಿಯುವ ಮನೆಯೊಂದನ್ನು ಉದ್ಧಾರ ಮಾಡಿದೆನೆಂದು ಕಲ್ಲಿನಲ್ಲಿ ಬರೆಸಿಕೊಳ್ಳುವ ಧೈರ್ಯವು ಇಲ್ಲಿನವರಿಗೆ ಬರುವುದು ಕಷ್ಟ. ಆದರೆ ಇಂಗ್ಲೆಂಡು, ಐರ್ಲೆಂಡು ಮೊದಲಾದ ದೇಶಗಳಲ್ಲಿ ಈ ಕಾರ್ಯವೇ ಈಗ ಒಂದು ಶಾಸ್ತ್ರವಾಗಿ ಬೆಳೆದಿದೆ. ಅಲ್ಲಿ ‘ಪಬ್ಬು’ ಎಂದರೆ ಪಬ್ಲಿಕ್ ಹೌಸ್, ಅರ್ಥಾತ್ ಸಾರ್ವಜನಿಕ ಗೃಹ. ಸರ್ಕಾರವು ರಕ್ಷಣಾರ್ಹವೆಂದು ಪಟ್ಟಿಗೆ ಸೇರಿಸಿದ ಇಂತಹ ಮನೆಯನ್ನು ಹೊರಗಾಗಲಿ ಒಳಗಾಗಲಿ ಅನುಜ್ಞೆಯಿಲ್ಲದೆ ಮಾರ್ಪಡಿಸಕೂಡದು. ಹಾಗಾದರೆ ಅದರ ಒಳಾಂಗಣವನ್ನು ಹೇಗೆ ಸಜ್ಜುಗೊಳಿಸಬೇಕು? ಯಾವುದನ್ನು ಉಳಿಸಬೇಕು, ಯಾವುದನ್ನು ಹೊಸದಾಗಿ ಮಾಡಬಹುದು? ಈ ಪ್ರಶ್ನೆಯು ದೂರದೇಶದ ಹೆಂಡದಂಗಡಿಗೆ ಮಾತ್ರ ಸಂಬಂಧಿಸಿದುದೆಂದು ತಳ್ಳಿಹಾಕುವಂತಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗಳಲ್ಲಿ, ವೇದಾವತಿಯ ಬಯಲಿನ ಪರಶುರಾಂಪುರದಂತಹ ಊರುಗಳಲ್ಲಿ, ಹಳೆಯ ಮಾಳಿಗೆಮನೆಗಳು ಒಂದೊಂದಾಗಿ ಇಳಿಯುತ್ತಿರುವ ಈ ಕಾಲದಲ್ಲಿ, ಜನರು ಕೂಡುವ ಮನೆಯ ಒಳಗಿನಲ್ಲಿ ರಕ್ಷಣೆಗೆ ಅರ್ಹವಾದುದು ಯಾವುದೆಂಬ ವಿಚಾರವು ಇಲ್ಲಿಯೂ ಅಷ್ಟೇ ಅವಶ್ಯಕವಾದುದು.

ಮೊದಲು ಶಬ್ದವಿಚಾರ. ಅಮರಸಿಂಹನು ಮದ್ಯದ ಮನೆಗೆ ‘ಗಂಜಾ’ ಎಂಬ ಹೆಸರನ್ನು ಕೊಟ್ಟು ‘ಮದಿರಾಗೃಹ’ವೆಂದು ಅದನ್ನು ವಿವರಿಸಿರುವನು. ಇಂದಿನ ವಾಚಕನು ಆ ಪದವನ್ನು ಕಂಡು ಬೇರೊಂದು ಸೊಪ್ಪನ್ನು ನೆನೆದಾನು. ಕೋಶಕಾರನ ಮನಸ್ಸಿನಲ್ಲಿ ಇದ್ದುದು ಮನೆಯೇ. ಕುಡಿಯುವ ಎಡೆಗೆ ‘ಶುಂಡಾ’, ‘ಮದಸ್ಥಾನ’ ಎಂದೂ ಕೂಡಿ ಕುಡಿಯುವ ಕೂಟಕ್ಕೆ ‘ಆಪಾನ’, ‘ಪಾನಗೋಷ್ಠಿಕಾ’ ಎಂದೂ ಅವನು ಬೇರೆಬೇರೆ ಹೆಸರುಗಳನ್ನು ಹೇಳುತ್ತಾನೆ. ಮನೆ ಬೇರೆ, ಎಡೆ ಬೇರೆ, ಕೂಟ ಬೇರೆ ಎಂಬ ಈ ವಿವೇಕವನ್ನು ಮುಂದಣ ಚರ್ಚೆಯಲ್ಲಿ ಮರೆಯತಕ್ಕದ್ದಲ್ಲ. ಕನ್ನಡದಲ್ಲಿ ಪಡಖಾನೆ, ಹೆಂಡದಂಗಡಿ, ಸೇಂದಿಯಂಗಡಿ ಎಂಬ ಮಾತುಗಳಿವೆ. ಅವುಗಳಲ್ಲಿ ಮಾರಾಟದ ಅರ್ಥವು ಮುಂದಾಗಿ, ಕೂಟದ ಅರ್ಥವು ಹಿಂದೆ ಸರಿದಿದೆ.

ಪಾನಗೃಹದ ಒಳಾಂಗಣವನ್ನು ಕುರಿತು ಸ್ಪಷ್ಟವಾದ ವಿಧಿಯನ್ನು ಹೇಳುವ ಗ್ರಂಥವು ಕೌಟಿಲ್ಯನ ಅರ್ಥಶಾಸ್ತ್ರ. ಈ ಗ್ರಂಥವನ್ನು ೧೯೦೯ರಲ್ಲಿ ಮೈಸೂರಿನ ಪ್ರಾಚ್ಯಗ್ರಂಥಾಲಯದಿಂದ ಮೊದಲು ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟವರು ಆರ್. ಶಾಮಶಾಸ್ತ್ರಿಗಳು, ಆದುದರಿಂದ ಇದರ ಮೇಲೆ ಕನ್ನಡನಾಡಿಗೆ ಒಂದು ವಿಶೇಷವಾದ ಸಲಿಗೆಯುಂಟು. ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವಾಗ ಕೌಟಿಲ್ಯನು ಪಾನಾಗಾರವು ಅನೇಕ ಕಕ್ಷ್ಯೆಗಳುಳ್ಳದ್ದಾಗಿರಬೇಕೆಂದೂ, ಮಲಗುವ ಕೂಡುವ ಆಸನಗಳು ಬೇರೆಬೇರೆಯಾಗಿ ವಿಭಾಗಗೊಂಡಿರಬೇಕೆಂದೂ, ಗಂಧ ಮಾಲ್ಯ ಉದಕಗಳು ಅಲ್ಲಿ ಸಿದ್ಧವಾಗಿರಬೇಕೆಂದೂ, ಅದು ಎಲ್ಲ ಋತುಗಳಲ್ಲಿಯೂ ಸುಖಕರವಾಗಿರಬೇಕೆಂದೂ ವಿಧಿಸುತ್ತಾನೆ. ಇಲ್ಲಿ ಗಮನಿಸತಕ್ಕ ಅಂಶವು ಕ್ರಮ. ಮೊದಲು ಕಕ್ಷ್ಯೆ, ಆಮೇಲೆ ಆಸನ, ಆಮೇಲೆ ಗಂಧಮಾಲ್ಯಾದಿ ಉಪಕರಣ, ಕೊನೆಯಲ್ಲಿ ಇವೆಲ್ಲವನ್ನೂ ಆವರಿಸಿದ ಋತುಸುಖ. ಕಂಬಕ್ಕೆ ಚಿನ್ನದ ಲೇಪ, ಗೋಡೆಗೆ ಚಿತ್ರ ಎಂದು ಅವನು ಹೇಳಲಿಲ್ಲ. ಹೇಳಬೇಕಾದ ಕಡೆ ಹೇಳದೆ ಬಿಡುವವನು ಅವನಲ್ಲ. ಗಿರಾಕಿಯು ಮೈಮರೆತಾಗ ಕಳೆದುಹೋದ ಒಡವೆಗೆ ವರ್ತಕನೇ ಹೊಣೆಯೆಂದು ಕೂಡ ಮರೆಯದೆ ವಿಧಿಸಿದವನು. ಆದಕಾರಣ ಪಾನಗೃಹದ ಲಕ್ಷಣವು ಅಲಂಕಾರದಲ್ಲಿಲ್ಲ, ವಿಭಾಗದಲ್ಲಿದೆ ಎಂಬುದು ಅವನ ಮತವೆಂದು ತಿಳಿಯಬಹುದು.

ಕಾವ್ಯನಾಟಕಗಳು ಇದಕ್ಕೆ ಬೇರೊಂದು ಮುಖವನ್ನು ತೋರಿಸುತ್ತವೆ. ಏಳನೆಯ ಶತಮಾನದಲ್ಲಿ ಕಂಚಿಯ ಮಹೇಂದ್ರವರ್ಮನು ರಚಿಸಿದ ಮತ್ತವಿಲಾಸಪ್ರಹಸನದಲ್ಲಿ ಕಾಪಾಲಿಕನು ಸುರೆಯಂಗಡಿಯನ್ನು ಯಜ್ಞವಾಟಕ್ಕೆ ಹೋಲಿಸಿ ಹೊಗಳುತ್ತಾನೆ. ಅಂಗಡಿಯ ಧ್ವಜಸ್ತಂಭವು ಅವನಿಗೆ ಯೂಪದಂತೆ, ಬಟ್ಟಲುಗಳು ಚಮಸಗಳಂತೆ, ಕುಡಿದವರ ಹಾಡು ಸಾಮದಂತೆ ತೋರುವುದು. ಹಾಸ್ಯವು ಹಾಸ್ಯವಾಗಿರಲಿ, ಅದರ ಒಡಲಿನಲ್ಲಿ ಒಂದು ನಿಜವಿದೆ. ಯಜ್ಞಶಾಲೆಯಲ್ಲಿ ಒಂದೊಂದು ಪಾತ್ರೆಗೂ ಒಬ್ಬೊಬ್ಬ ಋತ್ವಿಜನಿಗೂ ನಿಯತವಾದ ಸ್ಥಾನವಿರುವಂತೆ ಪಾನಗೃಹದಲ್ಲಿಯೂ ಎಡೆಗಳು ನಿಯತವಾಗಿದ್ದುವು. ಇಲ್ಲದಿದ್ದರೆ ಹೋಲಿಕೆಯೇ ಹುಟ್ಟುತ್ತಿರಲಿಲ್ಲ. ಕನ್ನಡದಲ್ಲಿ ಪಂಪನ ವಿಕ್ರಮಾರ್ಜುನವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಪಾನಗೋಷ್ಠಿಯ ವರ್ಣನೆಯುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಮದಿರಾಪಾನವನ್ನು ಕ್ರೀಡೆಗಳ ಸಾಲಿನಲ್ಲಿ ಎಣಿಸುತ್ತದೆ. ಇವೆರಡೂ ಕೂಟದ ವರ್ಣನೆಗಳೇ ಹೊರತು ಮನೆಯ ವರ್ಣನೆಗಳಲ್ಲ. ಆದುದರಿಂದ ಪ್ರಕೃತಕ್ಕೆ ಅವುಗಳಿಂದ ಹೆಚ್ಚಿನ ನೆರವಿಲ್ಲ.

ಇನ್ನು ಜೀರ್ಣೋದ್ಧಾರದ ವಿಧಿ. ಮಯಮತದ ಮೂವತ್ತೈದನೆಯ ಅಧ್ಯಾಯವು ‘ಅನುಕರ್ಮ’ವೆಂಬ ಹೆಸರಿನಿಂದ ಇದನ್ನೇ ಪ್ರತಿಪಾದಿಸುವುದು. ಯಾವ ಕಟ್ಟಡದ ಮುಖ್ಯಾಂಗ ಉಪಾಂಗಗಳಲ್ಲಿ ಲಕ್ಷಣವು ಇನ್ನೂ ಗೋಚರವಾಗುತ್ತಿರುವುದೋ ಅದನ್ನು ಅದರದೇ ದ್ರವ್ಯಗಳಿಂದ ಸರಿಪಡಿಸಬೇಕು. ಕೊರತೆಯಿದ್ದರೆ ಮೊದಲಿನ ರೂಪಕ್ಕೆ ಅನುಗುಣವಾಗಿ, ಬಲ್ಲವರ ಸಲಹೆಯಂತೆ ಪೂರ್ಣಗೊಳಿಸಬೇಕು ಎಂಬುದು ಅದರ ಸಾರ. ಇದನ್ನು ದೇವಾಲಯಕ್ಕಾಗಿ ಹೇಳಿದೆಯೆಂಬುದು ದಿಟ. ಆದರೆ ನ್ಯಾಯವು ಸಾಮಾನ್ಯವಾದುದು. ಇದಕ್ಕೆ ಎದುರಾಗಿ ಹತ್ತೊಂಬತ್ತನೆಯ ಶತಮಾನದ ಆಂಗ್ಲ ವಿಮರ್ಶಕ ರಸ್ಕಿನ್ನನು ೧೮೪೯ರಲ್ಲಿ ಪ್ರಕಟಿಸಿದ ವಾಸ್ತುಗ್ರಂಥದಲ್ಲಿ ಜೀರ್ಣೋದ್ಧಾರವೆಂಬುದೇ ಮೊದಲಿನಿಂದ ಕೊನೆಯವರೆಗೆ ಸುಳ್ಳೆಂದು ಸಾರಿದನು. ೧೮೭೭ರಲ್ಲಿ ವಿಲಿಯಂ ಮಾರಿಸನು ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ ಸ್ಥಾಪಿಸಿದ ಸಂಘವು, ಹೊಸದಾಗಿ ಮಾಡಬೇಡಿ, ದಿನದಿನವೂ ನೋಡಿಕೊಂಡು ರಕ್ಷಿಸಿರಿ ಎಂಬ ಪಕ್ಷವನ್ನು ಹಿಡಿಯಿತು. ರಸ್ಕಿನ್ನನ ಮಾತು ಉಜ್ಜ್ವಲವಾದುದು, ಆದರೆ ಅತಿವ್ಯಾಪ್ತಿಯಿಂದ ಕೂಡಿದುದು. ಕಲ್ಲಿನ ಇಗರ್ಜಿಯನ್ನು ಕಣ್ಣಿನಲ್ಲಿಟ್ಟುಕೊಂಡು ಅವನು ಆಡಿದ ಮಾತು ವರ್ಷವರ್ಷವೂ ಮಣ್ಣು ಹಾಕದಿದ್ದರೆ ಸೋರುವ ಮನೆಗೆ ಹೊಂದುವುದಿಲ್ಲ. ‘ಲಕ್ಷಣವು ಕಾಣುವಷ್ಟು ಉಳಿದಿದೆಯೇ’ ಎಂದು ಕೇಳುವ ಮಯಮತದ ಪ್ರಶ್ನೆಯೇ ಹೆಚ್ಚು ಉಪಯುಕ್ತವಾದುದು. ಆದರೆ ಆ ಪ್ರಶ್ನೆಯು ಲಕ್ಷಣವೆಂದರೇನೆಂದು ಮೊದಲು ಗೊತ್ತಿರುವವನಿಗೆ ಮಾತ್ರ ಪ್ರಯೋಜನಕ್ಕೆ ಬರುವುದು. ಇಂದಿನ ಉದ್ಧಾರಕರು ಎಡವುವುದು ಇಲ್ಲಿಯೇ.

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಪಬ್ಬಿನ ಒಳಗು ಒಂದೇ ಪಡಸಾಲೆಯಾಗಿರಲಿಲ್ಲ. ನಡುವೆ ಮದ್ಯ ಹಂಚುವ ಕಟ್ಟೆ. ಅದರ ಸುತ್ತ ಮರದ ಅಡ್ಡಗೋಡೆಗಳಿಂದ ಬೇರ್ಪಟ್ಟ ಹಲವು ಕೋಣೆಗಳು. ಕೂಲಿಕಾರರಿಗೆ ಒಂದು, ಸ್ವಲ್ಪ ಹೆಚ್ಚು ಬೆಲೆ ಕೊಡುವವರಿಗೆ ಇನ್ನೊಂದು, ಪರರ ಕಣ್ಣಿಗೆ ಬೀಳಲೊಲ್ಲದವರಿಗೆ ಬಾಗಿಲುಳ್ಳ ಪುಟ್ಟ ಗೂಡು. ಈ ಗೂಡಿಗೆ ‘ಸ್ನಗ್’ ಎಂಬ ಹೆಸರು. ಕೆಲವು ಕಡೆ ಕಟ್ಟೆಯ ಮೇಲೆ, ತಿರುಗುವ ಸಣ್ಣ ಗಾಜಿನ ಕದಗಳನ್ನು ಸಾಲಾಗಿ ಇಟ್ಟು, ಹಂಚುವವನ ಕಣ್ಣಿಗೂ ಮರೆಮಾಡುತ್ತಿದ್ದರು. ಇದು ಕೌಟಿಲ್ಯನ ಸಂವೃತಕಕ್ಷ್ಯಾವಿಭಾಗವಲ್ಲದೆ ಬೇರೆಯಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಈ ಅಡ್ಡಗೋಡೆಗಳು ಬಹುಮಟ್ಟಿಗೆ ಮಾಯವಾದುವು. ಪರವಾನಗಿ ಕೊಡುವ ನ್ಯಾಯಾಧಿಕಾರಿಗಳು ಒಳಗೆ ಮೂಲೆಮೂಲೆಯೂ ಒಂದೇ ನೋಟಕ್ಕೆ ಕಾಣಬೇಕೆಂದರು. ಮದ್ಯ ತಯಾರಿಸುವ ಕಂಪನಿಗಳು ಕೆಲಸದವರ ವೆಚ್ಚವನ್ನು ತಗ್ಗಿಸಲೆಳಸಿದುವು. ವರ್ಗಭೇದವೂ ಮೆಲ್ಲಗೆ ಸಡಿಲವಾಯಿತು. ಇಲ್ಲೊಂದು ವಿನೋದವನ್ನು ಹೇಳದೆ ಮುಂದೆ ಸಾಗುವಂತಿಲ್ಲ. ಗುಪ್ತಚಾರರ ಸಾಧನವಾಗಿ, ಬಂದವರ ಮನಸ್ಸನ್ನು ಅರಿಯುವುದಕ್ಕಾಗಿ ಕೌಟಿಲ್ಯನು ಕಕ್ಷ್ಯೆಗಳನ್ನು ಕಟ್ಟಿಸಿದನು. ಅದೇ ಮೇಲ್ವಿಚಾರಣೆಗಾಗಿ ಆಂಗ್ಲ ಅಧಿಕಾರಿಯು ಕಕ್ಷ್ಯೆಗಳನ್ನು ಕೆಡವಿಸಿದನು. ಮರೆಯಲ್ಲಿ ಮನುಷ್ಯನು ಬಾಯಿಬಿಡುವನೆಂದು ತಿಳಿದವನೊಬ್ಬ, ಮರೆಯಲ್ಲಿ ಅವನು ಕೆಡುವನೆಂದು ತಿಳಿದವನೊಬ್ಬ. ಮನುಷ್ಯಸ್ವಭಾವವನ್ನು ಹೆಚ್ಚು ಬಲ್ಲವನು ಯಾರೆಂಬುದನ್ನು ವಾಚಕರೇ ನಿರ್ಣಯಿಸಬಹುದು.

ಉಳಿದ ಒಳಾಂಗಣಗಳಲ್ಲಿ ಬೆಲ್‌ಫಾಸ್ಟಿನ ‘ಕ್ರೌನ್’ ಎಂಬ ಪಾನಗೃಹವು ಶ್ರೇಷ್ಠವಾದುದೆಂದು ಪ್ರಸಿದ್ಧಿ. ೧೮೮೫ರ ಸುಮಾರಿನಲ್ಲಿ ಪ್ಯಾಟ್ರಿಕ್ ಫ್ಲಾನಗನ್ ಎಂಬವನು ಅದನ್ನು ಇಂದಿನ ರೂಪಕ್ಕೆ ತಂದನು. ಐರ್ಲೆಂಡಿನಲ್ಲಿ ಇಗರ್ಜಿಗಳನ್ನು ಕಟ್ಟಲು ಬಂದಿದ್ದ ಇಟಲಿಯ ಕುಶಲಕರ್ಮಿಗಳು ಅಲ್ಲಿಯೂ ಕೆಲಸಮಾಡಿದರೆಂದು ಹೇಳುವರು. ಮೆರುಗುಹೆಂಚು, ಬಣ್ಣದ ಗಾಜು, ಕೆತ್ತನೆಯ ಮರ, ಕೆಂಪು ಶಿಲೆಯ ಹಾಸುಳ್ಳ ಕಟ್ಟೆ, ನೆಲದಲ್ಲಿ ಸಣ್ಣ ಕಲ್ಲುಗಳಿಂದ ಬರೆದ ಕಿರೀಟ, ಇವೆಲ್ಲವೂ ಕಣ್ಣಿಗೆ ಹಬ್ಬ. ಆದರೆ ಅದರ ಜೀವವಿರುವುದು ಹತ್ತು ಗೂಡುಗಳಲ್ಲಿ. ಒಂದೊಂದಕ್ಕೂ ಬಾಗಿಲು, ಒಳಗೆ ಬೆಂಕಿಕಡ್ಡಿ ಗೀರಲು ಲೋಹದ ತಗಡು, ಸೇವಕನನ್ನು ಕರೆಯಲು ಗಂಟೆ. ೧೯೭೮ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯು ಈ ಮನೆಯನ್ನು ಕೊಂಡು, ೧೯೮೧ರಲ್ಲಿ ಸುಮಾರು ನಾಲ್ಕು ಲಕ್ಷ ಪೌಂಡುಗಳ ವೆಚ್ಚದಿಂದ ಉದ್ಧಾರಮಾಡಿತು. ಈ ಕಾರ್ಯದ ಮುಖ್ಯವಾದ ಗುಣವು ಎರಡು ತ್ಯಾಗಗಳಲ್ಲಿದೆ. ಹೆಚ್ಚು ಜನರನ್ನು ಕೂಡಿಸುವ ಲಾಭಕ್ಕಾಗಿ ಗೂಡುಗಳನ್ನು ಕೀಳಲಿಲ್ಲ. ಅನುಕೂಲಕ್ಕಾಗಿ ಅನಿಲದ ದೀಪಗಳನ್ನು ತೆಗೆದುಹಾಕಲಿಲ್ಲ. ಮಯಮತದ ಮಾತಿನಂತೆ ಮುಖ್ಯಾಂಗವೂ ಉಪಾಂಗವೂ ಲಕ್ಷಣಸಹಿತವಾಗಿ ಉಳಿದುವು. ಆಕ್ಷೇಪವೂ ಇಲ್ಲದಿಲ್ಲ. ನೋಡಲು ಬರುವವರು ಕುಡಿಯಲು ಬರುವವರಿಗಿಂತ ಹೆಚ್ಚಾದಾಗ ಗೂಡಿನ ಬಾಗಿಲು ಮುಚ್ಚಿಯೂ ಮುಚ್ಚಿದಂತಾಗುವುದಿಲ್ಲ. ಏಕಾಂತಕ್ಕಾಗಿ ಮಾಡಿದ ಎಡೆಯು ಪ್ರದರ್ಶನಕ್ಕೆ ಗುರಿಯಾಗುತ್ತದೆ. ಇದು ಉದ್ಧಾರಕರ ದೋಷವೆನ್ನುವುದಕ್ಕಿಂತ ಕೀರ್ತಿಯ ದೋಷವೆನ್ನಬೇಕು.

ಲಂಡನ್ನಿನ ‘ಬ್ಲಾಕ್ ಫ್ರಯರ್’ ಇದಕ್ಕೆ ಪ್ರತ್ಯುದಾಹರಣೆ. ಡೊಮಿನಿಕನ್ ಸನ್ಯಾಸಿಗಳ ಮಠವಿದ್ದ ನೆಲದಲ್ಲಿ ೧೮೭೫ರ ಸುಮಾರಿಗೆ ಕಟ್ಟಿದ ಈ ಮನೆಯ ಒಳಗನ್ನು ೧೯೦೫ರಿಂದ ಮುಂದಕ್ಕೆ ಫುಲ್ಲರ್ ಕ್ಲಾರ್ಕನೂ ಶಿಲ್ಪಿ ಹೆನ್ರಿ ಪೂಲನೂ ಅಮೃತಶಿಲೆಯಿಂದಲೂ ಲೋಹದ ಉಬ್ಬುಚಿತ್ರಗಳಿಂದಲೂ ತುಂಬಿದರು. ಉಂಡು ಹಾಡಿ ನಲಿಯುವ ಸನ್ಯಾಸಿಗಳೇ ಅಲ್ಲಿನ ಚಿತ್ರವಸ್ತು; ಮಹೇಂದ್ರವರ್ಮನು ಕಂಡಿದ್ದರೆ ನಕ್ಕು ಒಪ್ಪುತ್ತಿದ್ದನು. ೧೯೬೦ರ ದಶಕದಲ್ಲಿ ಕೆಡವಬೇಕೆಂದಿದ್ದುದನ್ನು ಕವಿ ಬೆಟ್ಜಮನ್ ಮೊದಲಾದವರು ಹೋರಾಡಿ ಉಳಿಸಿದರು. ಇಲ್ಲಿ ಅಲಂಕಾರವೇ ಲಕ್ಷಣವಾಗಿರುವುದರಿಂದ ಅಲಂಕಾರವನ್ನು ಉಳಿಸಿದುದು ಯುಕ್ತವೇ. ೨೦೨೦ರಲ್ಲಿ ಪಟ್ಟಿಯ ಪ್ರಥಮಶ್ರೇಣಿಗೆ ಏರಿದ ಲಿವರ್‌ಪೂಲಿನ ‘ಫಿಲ್‌ಹಾರ್ಮೊನಿಕ್’ ಕೂಡ ಈ ಜಾತಿಯದು. ಆದರೆ ಇಂತಹ ಅಪವಾದಗಳನ್ನು ನೋಡಿ ಸಾಮಾನ್ಯನಿಯಮವನ್ನು ಮಾಡಿಕೊಂಡವರಿಂದಲೇ ಹೆಚ್ಚಿನ ಕೇಡು ಸಂಭವಿಸಿದೆ. ಸಾಧಾರಣವಾದ ಬೀದಿಯ ಪಬ್ಬಿನ ಅಡ್ಡಗೋಡೆಗಳನ್ನು ಒಡೆದು ಒಂದೇ ಹಜಾರವನ್ನಾಗಿ ಮಾಡಿ, ಆ ಬಯಲಾದ ಗೋಡೆಗೆ ಎಲ್ಲಿಯೋ ಕೊಂಡ ಹಳೆಯ ಕನ್ನಡಿ, ಹಳೆಯ ಪುಸ್ತಕ, ತುಕ್ಕುಹಿಡಿದ ನೇಗಿಲು ಇವುಗಳನ್ನು ತಗುಲಿಸಿ ‘ಪ್ರಾಚೀನತೆ’ಯನ್ನು ತಂದೆವೆನ್ನುವರು. ಮೂಗನ್ನು ಕೊಯ್ದು ಮೂಗುತಿಯನ್ನು ಹಣೆಗೆ ಅಂಟಿಸಿದಂತೆ ಈ ಕಾರ್ಯ. ಇಂಗ್ಲೆಂಡಿನ ಬಿಯರುಪ್ರಿಯರ ಸಂಘವೊಂದು, ಇಡೀ ಕಟ್ಟಡವನ್ನಲ್ಲದೆ ಒಳಾಂಗಣವನ್ನೇ ಮುಖ್ಯವಾಗಿಟ್ಟುಕೊಂಡು ಪಬ್ಬುಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ ೧೯೯೭ರಲ್ಲಿ ಪ್ರಕಟಿಸಿತು. ಪಂಡಿತರು ಮಾಡಬೇಕಾದ ಕೆಲಸವನ್ನು ಕುಡಿಯುವವರು ಮಾಡಿದರೆಂಬುದು ಪಂಡಿತರಿಗೆ ಗೌರವದ ಮಾತಲ್ಲ.

ಲಂಡನ್ನಿನ ಮೈಡಾವೇಲಿನ ‘ಕಾರ್ಲ್‌ಟನ್ ಟಾವರ್ನ್’ ವೃತ್ತಾಂತವು ಮತ್ತೊಂದು ಸೂಕ್ಷ್ಮವನ್ನು ಎತ್ತುತ್ತದೆ. ೧೯೨೦–೨೧ರಲ್ಲಿ ಕಟ್ಟಿದ ಈ ಮನೆಯನ್ನು ರಕ್ಷಣಾಪಟ್ಟಿಗೆ ಸೇರಿಸುವ ವಿಚಾರವು ನಡೆಯುತ್ತಿದ್ದಾಗಲೇ, ೨೦೧೫ರ ಏಪ್ರಿಲಿನಲ್ಲಿ, ಅದನ್ನು ಕೊಂಡಿದ್ದ ಕಂಪನಿಯು ಅನುಜ್ಞೆಯಿಲ್ಲದೆ ನೆಲಸಮ ಮಾಡಿತು. ಊರವರು ಸುಮ್ಮನಾಗಲಿಲ್ಲ. ವೆಸ್ಟ್‌ಮಿನ್‌ಸ್ಟರಿನ ಪೌರಸಭೆಯು ಇಟ್ಟಿಗೆಗೆ ಇಟ್ಟಿಗೆಯಾಗಿ ಮೊದಲಿನಂತೆಯೇ ಕಟ್ಟಿಕೊಡತಕ್ಕದ್ದೆಂದು ಆಜ್ಞೆಮಾಡಿತು. ೨೦೧೬ರಲ್ಲಿ ಬಹಿರಂಗ ವಿಚಾರಣೆಯ ತರುವಾಯ ಆ ಆಜ್ಞೆಯು ಸ್ಥಿರವಾಯಿತು. ೨೦೨೧ರ ಏಪ್ರಿಲಿನಲ್ಲಿ ಮನೆಯು ಮತ್ತೆ ತೆರೆಯಿತು. ರಸ್ಕಿನ್ನನ ಪಕ್ಷದವರು ಇದನ್ನು ಪ್ರೇತವೆನ್ನುವರು: ಗೋಡೆಯಿದೆ, ಗೋಡೆಗೆ ಒರಗಿದವರ ಬೆನ್ನಿನ ಮೆರುಗು ಇಲ್ಲ, ಕಟ್ಟೆಯಿದೆ, ಮೊಣಕೈ ಸವೆಸಿದ ಅಂಚಿಲ್ಲ. ಮಾತು ಸತ್ಯ. ಬಹುಕಾಲದ ಉಪಭೋಗದಿಂದ ವಸ್ತುವಿನ ಮೇಲೆ ಮೂಡುವ ಚಿಹ್ನೆಯನ್ನು ಯಾವ ಕುಶಲಕರ್ಮಿಯೂ ಹೊಸದಾಗಿ ಮಾಡಲಾರನು. ಮಾಡಲು ಹೊರಟರೆ ಅದು ವೇಷವಾಗುವುದು. ಆದರೂ ಇಲ್ಲಿ ಎರಡು ವಿಷಯಗಳನ್ನು ಬೇರ್ಪಡಿಸಬೇಕು. ಚಿಹ್ನೆಯು ಹೋಯಿತು, ಲಕ್ಷಣವು ಮರಳಿತು. ಅದೇ ಎಡೆಯಲ್ಲಿ, ಅದೇ ಅಳತೆಯ ಒಳಗಿನಲ್ಲಿ, ಅದೇ ಬೀದಿಯವರು ಮತ್ತೆ ಕೂಡುವಂತಾಯಿತು. ಕೆಡಹುವುದಕ್ಕೆ ಮೊದಲೇ ಕಟ್ಟಡದ ವಿವರಗಳನ್ನು ಅಧಿಕಾರಿಗಳು ದಾಖಲೆ ಮಾಡಿದ್ದುದರಿಂದಲೇ ಇದು ಸಾಧ್ಯವಾಯಿತೆಂಬುದನ್ನು ಒತ್ತಿಹೇಳಬೇಕು. ಅಳತೆಯ ಕಾಗದವಿಲ್ಲದಿದ್ದರೆ ಆಜ್ಞೆಯು ಗಾಳಿಯ ಮಾತಾಗುತ್ತಿತ್ತು.

ಕನ್ನಡನಾಡಿನಲ್ಲಿ ಇದಕ್ಕೆ ಸಮೀಪವಾದ ನಿದರ್ಶನಗಳು ಬೆಂಗಳೂರಿನವು. ೧೮೬೮ರಲ್ಲಿ ಸ್ಥಾಪಿತವಾದ ಬೆಂಗಳೂರು ಕ್ಲಬ್ಬಿನಲ್ಲಿ ೧೮೯೯ರ ಲೆಕ್ಕದ ಪುಸ್ತಕವೊಂದನ್ನು ಗಾಜಿನೊಳಗೆ ಇಟ್ಟಿದ್ದಾರೆ. ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ಚರ್ಚಿಲ್ಲನು ತರುಣ ಸೈನ್ಯಾಧಿಕಾರಿಯಾಗಿದ್ದಾಗ ತೆರದೆ ಉಳಿಸಿದ ೧೩ ರೂಪಾಯಿಯ ಬಾಕಿಯು ಅದರಲ್ಲಿದೆ. ನೋಡುವವರಿಗೆ ಇದರಿಂದ ಸಂತೋಷವಾಗುವುದು ಸಹಜ. ಆದರೆ ಇದು ಸ್ಮಾರಕವಸ್ತುವೇ ಹೊರತು ಒಳಾಂಗಣವಲ್ಲ. ಬಾಕಿಯ ಪುಸ್ತಕವನ್ನು ಎಲ್ಲಿಗೆ ಒಯ್ದರೂ ಅದು ಅದೇ. ಇನ್ನೊಂದು, ಇಂಡಿಯಾ ಕಾಫಿ ಹೌಸ್. ಮಹಾತ್ಮಗಾಂಧಿ ರಸ್ತೆಯಲ್ಲಿ ಹಲವು ದಶಕಗಳ ಕಾಲ ಇದ್ದ ಇದು ೨೦೦೯ರ ಏಪ್ರಿಲಿನಲ್ಲಿ ಅಲ್ಲಿಂದ ಏಳಬೇಕಾಗಿ ಚರ್ಚ್ ಸ್ಟ್ರೀಟಿಗೆ ಹೋಯಿತು. ಕಾಫಿಯೂ ಪಾನವೇ ಆದುದರಿಂದ ಇದನ್ನು ಪಾನಗೃಹದ ಪ್ರಕರಣದಲ್ಲಿ ಸೇರಿಸುವುದಕ್ಕೆ ಅಮರಸಿಂಹನ ಆಕ್ಷೇಪವಿರಲಾರದು. ಬಿಳಿಯ ಉಡುಪು, ಪೇಟ, ಸೊಂಟಪಟ್ಟಿಗಳನ್ನು ಧರಿಸಿದ ಬಡಿಸುವವರು ಹೊಸ ಎಡೆಗೂ ಬಂದರು. ಹಳೆಯ ಮನೆಯ ಒಳಗು ಬರಲಿಲ್ಲ. ಕಾರ್ಲ್‌ಟನ್ನಿನಲ್ಲಿ ಮನೆಯು ಮರಳಿ, ಸವೆತವು ಮರಳಲಿಲ್ಲ. ಇಲ್ಲಿ ಕೂಟವು ಉಳಿದು, ಮನೆಯು ಹೋಯಿತು. ಮನೆ ಬೇರೆ, ಕೂಟ ಬೇರೆ ಎಂಬ ಕೋಶಕಾರನ ವಿವೇಕವು ಎಷ್ಟು ನಿಜವೆಂಬುದು ಇಲ್ಲಿ ತಿಳಿಯುತ್ತದೆ. ಎರಡರಲ್ಲಿ ಒಂದನ್ನೇ ಉಳಿಸಬಹುದಾದರೆ ಕೂಟವನ್ನು ಉಳಿಸಿದ ಬೆಂಗಳೂರಿನವರ ಆಯ್ಕೆಯನ್ನು ನಿಂದಿಸಲಾಗದು.

ಇಷ್ಟನ್ನು ಓದಿದ ಪರಶುರಾಂಪುರ ಹೋಬಳಿಯವರೊಬ್ಬರು ಕೇಳಬಹುದಾದ ಪ್ರಶ್ನೆಯು ಸುಲಭವಾದುದಲ್ಲ: ಹೆಂಡದ ಮನೆಯನ್ನು ಉಳಿಸುವುದು ಯಾವ ಧರ್ಮ? ಈ ಸೀಮೆಯ ಮ್ಯಾಸನಾಯಕರ ಕಟ್ಟುಪಾಡಿನಲ್ಲಿ ಹೆಂಡವು ವರ್ಜ್ಯ. ಈಚಲಮರದ ಸಂಪರ್ಕವನ್ನೇ ಅವರು ದೂರವಿಟ್ಟವರು. ಸ್ಮೃತಿಕಾರರು ಸುರಾಪಾನವನ್ನು ಪಂಚಮಹಾಪಾತಕಗಳಲ್ಲಿ ಸೇರಿಸಿದರು. ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ ೧೯೩೯ರಲ್ಲಿ ನಡೆದ ಅರಣ್ಯಸತ್ಯಾಗ್ರಹದಲ್ಲಿ ಜನರು ಕಡಿದುದು ಈಚಲಮರಗಳನ್ನೇ, ಎಸ್. ನಿಜಲಿಂಗಪ್ಪನವರಂತಹವರು ಆ ಚಳವಳಿ ಯಲ್ಲಿ ನಿಂತವರು. ೨೦೦೭ರ ಜುಲೈಯಿಂದ ರಾಜ್ಯದಲ್ಲಿ ಸಾರಾಯಿಯ ಮಾರಾಟವು ನಿಂತಿತು. ಇಂತಹ ನಾಡಿನವರ ಮುಂದೆ ಲಂಡನ್ನಿನ ಬೀದಿಯವರು ತಮ್ಮ ಪಬ್ಬಿಗಾಗಿ ಹೋರಾಡಿದ ಕಥೆಯನ್ನು ಹೊಗಳಿ ಹೇಳುವುದು ಅನುಚಿತವೆಂದು ತೋರಬಹುದು.

ಆಕ್ಷೇಪವು ಬಲವಾದುದೇ. ಆದರೂ ಎರಡು ಘಟನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ವಿರೋಧವು ತೋರಿದಷ್ಟು ಇಲ್ಲ. ತುರುವನೂರಿನಲ್ಲಿ ಕೊಡಲಿ ಬಿದ್ದುದು ಮರದ ಮೇಲೆ ಮಾತ್ರವಲ್ಲ. ಆ ಮರದಿಂದ ಸರ್ಕಾರಕ್ಕೆ ಬರುತ್ತಿದ್ದ ಅಬಕಾರಿಯ ವರಮಾನದ ಮೇಲೆ ಹಾಗೂ ತಮ್ಮ ನೆಲದ ಮೇಲೆ ಪರರ ಅಧಿಕಾರದ ಮೇಲೆ. ಮೈಡಾವೇಲಿನವರು ಕೇಳಿದುದು ಬಿಯರನ್ನಲ್ಲ. ಬಿಯರು ಪಕ್ಕದ ಬೀದಿಯಲ್ಲಿಯೂ ದೊರೆಯುತ್ತಿತ್ತು. ತಮ್ಮವರು ಕೂಡುತ್ತಿದ್ದ ಮನೆಯನ್ನು ಹಣವುಳ್ಳವನು ಹೇಳದೆ ಕೇಳದೆ ತೆಗೆದುಬಿಡಬಾರದೆಂದು ಅವರು ಕೇಳಿದರು. ಮದ್ಯವು ಆ ದೇಶದಲ್ಲಿ ಕೂಟಕ್ಕೆ ನಿಮಿತ್ತ; ಈ ಸೀಮೆಯಲ್ಲಿ ನಿಮಿತ್ತವು ಬೇರೆ. ಇಲ್ಲಿನ ಸಾರ್ವಜನಿಕ ಗೃಹವೆಂದರೆ ಊರ ಚಾವಡಿ, ಬೇಸಗೆಯ ಅರವಟ್ಟಿಗೆ, ಹಾದಿಯ ಛತ್ರ, ಸಂತೆಯ ದಿನದ ಕಾಫಿ ಹೋಟೆಲು. ಮದ್ಯವನ್ನು ಬಿಟ್ಟು ಲಕ್ಷಣವನ್ನು ತೆಗೆದುಕೊಳ್ಳುವುದಕ್ಕೆ ಶಾಸ್ತ್ರದ ತಡೆಯಿಲ್ಲ.

ಕೌಟಿಲ್ಯನು ಹೇಳಿದ ನಾಲ್ಕರಲ್ಲಿ ‘ಋತುಸುಖ’ವೆಂಬುದು ಬಯಲುಸೀಮೆಗೆ ಎಲ್ಲಕ್ಕಿಂತ ಮುಖ್ಯವಾದುದು. ಚಳ್ಳಕೆರೆಯು ರಾಜ್ಯದಲ್ಲಿ ಅತ್ಯಲ್ಪ ಮಳೆಯ ತಾಲ್ಲೂಕುಗಳಲ್ಲೊಂದು. ಬೇಸಗೆಯ ಬಿಸಿಲು ದೀರ್ಘವಾದುದು. ಅದಕ್ಕೆ ತಕ್ಕಂತೆ ಹಿಂದಿನವರು ಮಾಳಿಗೆಮನೆಯನ್ನು ಕಂಡುಹಿಡಿದರು. ದಪ್ಪ ಮಣ್ಣಿನ ಗೋಡೆ. ಅದರ ಮೇಲೆ ಮರದ ತೊಲೆ. ತೊಲೆಯ ಮೇಲೆ ಒತ್ತಾಗಿ ಜಂತೆ. ಜಂತೆಯ ಮೇಲೆ ಕಡ್ಡಿಸೊಪ್ಪಿನ ಹಾಸು. ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ನೀರನ್ನು ಕೆಳಗಿಳಿಯಗೊಡದ ಚೌಳುಮಣ್ಣು. ನಡುವೆ ಬೆಳಕಿಗೂ ಹೊಗೆಗೂ ಗವಾಕ್ಷಿ. ಮಧ್ಯಾಹ್ನದ ಉರಿಯಲ್ಲಿ ಒಳಗೆ ಕಾಲಿಟ್ಟರೆ ಬಾವಿಯ ಮೆಟ್ಟಿಲಿಳಿದಂತೆ ತಂಪು. ಮನೆಯನ್ನು ಇಷ್ಟು ಅಂಕಣದ್ದೆಂದು ಕಂಬಗಳ ನಡುವಣ ಎಡೆಯಿಂದ ಎಣಿಸುವರೇ ಹೊರತು ಗೋಡೆಯ ಅಂದದಿಂದಲ್ಲ. ಹೊರಗೆ ಜಗಲಿ, ಒಳಗೆ ಪಡಸಾಲೆ, ಅದರಾಚೆ ನಡುಮನೆ: ಬಂದವನು ಎಲ್ಲಿಯವರೆಗೆ ಬರಬಹುದೆಂಬುದನ್ನು ಬಾಯಿಬಿಟ್ಟು ಹೇಳದೆ ಮನೆಯೇ ತಿಳಿಸುತ್ತದೆ. ಅಪರಿಚಿತನು ಜಗಲಿಯಲ್ಲಿ, ಪರಿಚಿತನು ಕಂಬಳಿ ಹಾಸಿದ ಪಡಸಾಲೆಯಲ್ಲಿ ಕುಳಿತುಕೊಳ್ಳುವನು. ಅನೇಕಕಕ್ಷ್ಯತ್ವವೆಂದರೆ ಇದೇ.

ಇಂತಹ ಮನೆಯನ್ನು ‘ಸುಧಾರಿಸುವ’ ಕ್ರಮದಲ್ಲಿ ಇಂದು ಕಾಣುವ ದೋಷಗಳು ಪಬ್ಬಿನ ಉದ್ಧಾರಕರ ದೋಷಗಳಿಗೆ ಅವಳಿಜವಳಿ. ಮೊದಲನೆಯದು, ಮಣ್ಣಿನ ಗೋಡೆಗೆ ಸಿಮೆಂಟಿನ ಗಾರೆ. ಮಣ್ಣು ನೆಲದಿಂದ ಹೀರಿದ ತೇವವನ್ನು ಮೈಯಿಂದ ಹೊರಗೆ ಬಿಡುವ ಸ್ವಭಾವದ್ದು. ಸಿಮೆಂಟು ಅದಕ್ಕೆ ಎಡೆಕೊಡುವುದಿಲ್ಲ. ಹೊರಗೆ ಗಟ್ಟಿಯಾಗಿ ಕಾಣುವ ಗೋಡೆಯು ಒಳಗೊಳಗೆ ನೆನೆದು ಪುಡಿಯಾಗಿ, ಕೆಲವು ಮಳೆಗಾಲಗಳಲ್ಲಿ ಗಾರೆಯು ಚಕ್ಕೆಚಕ್ಕೆಯಾಗಿ ಮಣ್ಣಿನೊಡನೆ ಬೀಳುತ್ತದೆ. ಆಗ ಮಣ್ಣಿನ ಮನೆ ಬಾಳುವುದಿಲ್ಲವೆಂದು ಮಣ್ಣನ್ನು ದೂರುವರು. ಅದರದೇ ದ್ರವ್ಯದಿಂದ ಸರಿಪಡಿಸಬೇಕೆಂಬ ಮಯಮತದ ವಿಧಿಯು ಭಕ್ತಿಯ ಮಾತಲ್ಲ, ಅನುಭವದ ಮಾತೆಂಬುದು ಇಲ್ಲಿ ಸ್ಪಷ್ಟ. ಗೋಡೆಯು ನುಣುಪಾಗಬೇಕೆನ್ನುವವರಿಗೆ ಮಾನಸೋಲ್ಲಾಸವೇ ದಾರಿಯನ್ನು ತೋರಿಸಿದೆ: ಎಮ್ಮೆಯ ತೊಗಲನ್ನು ಬೇಯಿಸಿ ತೆಗೆದ ವಜ್ರಲೇಪವನ್ನು ಬಿಳಿಯ ಮಣ್ಣಿನೊಡನೆ ಬೆರಸಿ ಪದರಪದರವಾಗಿ ಬಳಿಯುವುದನ್ನು ಅದು ವಿವರಿಸುತ್ತದೆ. ಚಿತ್ರ ಬರೆಯುವ ಭಿತ್ತಿಗಾಗಿ ಹೇಳಿದ ಆ ಸಂಸ್ಕಾರವು ಚಾವಡಿಯ ಗೋಡೆಗೆ ಹೆಚ್ಚೆನಿಸಿದರೆ ಸುಣ್ಣವೇ ಸಾಕು.

ಎರಡನೆಯದು, ಅಡ್ಡಗೋಡೆ ಕಂಬಗಳನ್ನು ತೆಗೆದು ಒಂದೇ ಹಜಾರ ಮಾಡುವುದು. ಮೂರನೆಯದು, ಮಾಳಿಗೆಯನ್ನು ಇಳಿಸಿ ಕಾಂಕ್ರೀಟಿನ ಹಲಗೆಯನ್ನು ಹಾಕಿ, ಒಳಗಿನ ಬೇಗೆಯನ್ನು ತಾಳಲಾರದೆ ಯಂತ್ರದ ಗಾಳಿಯನ್ನು ಬೇಡುವುದು. ನಗರಗಳ ಕೆಲವು ಹೋಟೆಲುಗಳಲ್ಲಿ ಈ ಮೂರೂ ಪೂರೈಸಿದ ಮೇಲೆ, ಇಳಿಸಿದ ಮಾಳಿಗೆಯ ಕಂಬವೊಂದನ್ನು ಮೆರುಗೆಣ್ಣೆ ಬಳಿದು ಮೂಲೆಯಲ್ಲಿ ನಿಲ್ಲಿಸುವ ಪದ್ಧತಿಯೂ ಬಂದಿದೆ. ಏನನ್ನೂ ಹೊರದ ಕಂಬವು ಕಂಬವೆನ್ನಿಸಿಕೊಳ್ಳುವುದು ಹೇಗೋ ತಿಳಿಯದು.

ಹಾಗೆಂದು ಹಳೆಯ ಒಳಾಂಗಣದ್ದೆಲ್ಲವೂ ಉಳಿಯತಕ್ಕದ್ದೆಂದು ಇಲ್ಲ. ಆಂಗ್ಲರ ಅಡ್ಡಗೋಡೆಗಳು ಏಕಾಂತದೊಡನೆ ವರ್ಗಭೇದವನ್ನೂ ಕಾದುವು. ಬಯಲುಸೀಮೆಯ ಜಗಲಿ ಪಡಸಾಲೆಗಳು ಜಾತಿಭೇದವನ್ನೂ ಕಾದುವು. ಯಾರು ಯಾವ ಮೆಟ್ಟಿಲಿನಾಚೆ ಬರಕೂಡದೆಂಬ ನಿಷೇಧವು ಆ ಅಂಕಣಗಳಲ್ಲಿ ಎಷ್ಟೋ ಕಾಲ ನಿಂತಿತ್ತು. ಅಸ್ಪೃಶ್ಯತೆಯನ್ನು ೧೯೫೦ರ ಸಂವಿಧಾನವು ತೊಡೆದುಹಾಕಿತು; ಕೆಲವು ಊರುಗಳ ಹೋಟೆಲುಗಳಲ್ಲಿ ಬೇರೆ ಲೋಟವನ್ನಿಡುವ ದುಷ್ಟಪದ್ಧತಿಯು ಅದರ ತರುವಾಯವೂ ಬಹುಕಾಲ ಸಾಯಲಿಲ್ಲ. ಆ ನಿಷೇಧವನ್ನು ಲಕ್ಷಣವೆಂದು ಎಣಿಸುವುದು ಮೌಢ್ಯ. ಕಕ್ಷ್ಯೆಯು ಇರಲಿ; ಅದರ ಬಾಗಿಲು ಎಲ್ಲರಿಗೂ ಒಂದೇ ಬಗೆಯಾಗಿ ತೆರೆಯಲಿ. ಕ್ರೌನ್ ಪಾನಗೃಹದ ಗೂಡಿನಲ್ಲಿ ಇಂದು ಮೊದಲು ಬಂದವನು ಕುಳಿತುಕೊಳ್ಳುತ್ತಾನೆ, ಹೆಚ್ಚು ತೆತ್ತವನಲ್ಲ. ಮನೆಯ ರೂಪವನ್ನು ಉಳಿಸಿ ಅದರ ಪಾಪವನ್ನು ಬಿಡುವುದು ಸಾಧ್ಯವೆಂಬುದಕ್ಕೆ ಅದು ಸಾಕ್ಷಿ.

ಈ ಸೀಮೆಯಲ್ಲಿ ಪಟ್ಟಿಯ ರಕ್ಷಣೆಯು ದೊರೆತಿರುವುದು ಶಿಲೆಗೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಅಶೋಕಶಾಸನಗಳನ್ನು ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದಂದಿನಿಂದ ವಿದ್ವಾಂಸರ ಕಣ್ಣು ಅವುಗಳ ಮೇಲಿದೆ, ಅದು ನ್ಯಾಯವೇ. ಮಣ್ಣಿನ ಚಾವಡಿಗೆ ಅಂತಹ ಪಟ್ಟಿಯ ಆಶ್ರಯವಿಲ್ಲ, ಬರುವವರೆಗೆ ಅದು ಕಾದು ನಿಲ್ಲುವಂತೆಯೂ ಇಲ್ಲ. ಕಾರ್ಲ್‌ಟನ್ನಿನ ಪಾಠವನ್ನು ಇಲ್ಲಿ ಅನ್ವಯಿಸುವುದಾದರೆ ಮೊದಲ ಕೆಲಸವು ಅಳತೆ. ಅಂಕಣಗಳೆಷ್ಟು, ಗೋಡೆಯ ದಪ್ಪವೆಷ್ಟು, ತೊಲೆ ಯಾವ ಮರದ್ದು, ಜಂತೆಗಳ ನಡುವೆ ಎಡೆಯೆಷ್ಟು, ಗವಾಕ್ಷಿಯು ಯಾವ ದಿಕ್ಕಿಗೆ, ಜಗಲಿಯ ಎತ್ತರವೇನು, ಅದರ ಮೇಲೆ ಯಾರು ಯಾವಾಗ ಕೂಡುತ್ತಿದ್ದರು ಎಂಬಿಷ್ಟನ್ನು ಊರ ಶಾಲೆಯ ಉಪಾಧ್ಯಾಯರೊಬ್ಬರು ಹಗ್ಗವನ್ನೂ ಕಾಗದವನ್ನೂ ಹಿಡಿದು ಒಂದು ದಿನದಲ್ಲಿ ಬರೆದಿಡಬಹುದು. ದುರಸ್ತಿಗೆ ಬೇಕಾದ ಚೌಳುಮಣ್ಣು ಈಗಲೂ ಊರ ಹೊರಗೆ ದೊರೆಯುತ್ತದೆ; ಮುಂಗಾರಿಗೆ ಮೊದಲು ಅದನ್ನು ಮಾಳಿಗೆಯ ಮೇಲೆ ಹರಡುವ ವಾಡಿಕೆಯುಳ್ಳ ಮನೆಗಳು ಇನ್ನೂ ಇವೆ. ಅದನ್ನು ಎಷ್ಟು ದಪ್ಪಕ್ಕೆ, ಯಾವ ಇಳಿಜಾರಿಗೆ ಹರಡಬೇಕೆಂಬುದನ್ನು ಬಲ್ಲವರು ಬಹುಮಟ್ಟಿಗೆ ವೃದ್ಧರು. ಅಳತೆ ಬರೆಯುವವರು ಅವರ ಮಾತನ್ನೂ ಅದೇ ಕಾಗದದಲ್ಲಿ ಬರೆದುಕೊಳ್ಳತಕ್ಕದ್ದು.